ವಿಮಾನದಲ್ಲಿ ಸೀಟು ಆರಿಸಲು ಬೇರೆ ದುಡ್ಡು ಕೊಡಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಯಾರೇ ವಿಮಾನ ಹತ್ತುವುದಿದ್ದರೂ ಟಿಕೆಟ್ ಬುಕ್ ಮಾಡುವ ಕೆಲಸ ನನ್ನ ತಲೆಗೇ ಬೀಳುತ್ತದೆ. ದರ ನೋಡಿ, ಹೆಸರು ತುಂಬಿ, ಇನ್ನೇನು ದುಡ್ಡು ಕಟ್ಟಬೇಕು ಅನ್ನುವಾಗ ಆ ಸೀಟುಗಳ ನಕ್ಷೆ ತೆರೆದುಕೊಳ್ಳುತ್ತದೆ. ಪುಟ್ಟ ಪುಟ್ಟ ಚೌಕಗಳು, ಒಂದೊಂದು ಬಣ್ಣಕ್ಕೆ ಒಂದೊಂದು ರೇಟು. ಪಕ್ಕದಲ್ಲಿ ಕೂತವರು ಆಗ ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ.

ಸೀಟು ಆರಿಸದಿದ್ದರೆ ನನಗೆ ಸೀಟೇ ಸಿಗುವುದಿಲ್ಲವಾ?

ಸಿಗುತ್ತದೆ. ಟಿಕೆಟ್ಟಿನ ದುಡ್ಡಿನಲ್ಲೇ ಒಂದು ಸೀಟು ಸೇರಿದೆ. ಅದು ಯಾವುದು ಅನ್ನುವುದನ್ನು ಮಾತ್ರ ಕಂಪನಿ ತೀರ್ಮಾನಿಸುತ್ತದೆ. ಆದರೆ ಆ ಪುಟ ನೋಡಿದರೆ ಹಾಗೆ ಅನ್ನಿಸುವುದಿಲ್ಲ. ಪರದೆ ತುಂಬ ನಕ್ಷೆ. ಕೆಳಗೆ ದಪ್ಪಕ್ಷರದ ಗುಂಡಿ. "ಸ್ಕಿಪ್" ಅನ್ನುವ ಪದ ಮಾತ್ರ ಎಲ್ಲೋ ಮೂಲೆಯಲ್ಲಿ, ತೆಳು ಬೂದು ಬಣ್ಣದಲ್ಲಿ. ಅದನ್ನು ಒತ್ತಿದರೆ ಇನ್ನೊಂದು ಕಿಟಕಿ ತೆರೆದುಕೊಂಡು "ನಿಮ್ಮವರಿಂದ ದೂರ ಕೂರಬೇಕಾಗಬಹುದು, ಪರವಾಗಿಲ್ಲವೇ?" ಎಂದು ಹೆದರಿಸುತ್ತದೆ. ಹೆದರಬೇಡಿ.

ಇನ್ನೂ ಒಂದು ಕಳ್ಳಾಟ ಇದೆ. ಕೆಲವು ಕಡೆ ನೀವು ಏನೂ ಮುಟ್ಟದೆಯೇ ಒಂದು ಸೀಟು ಆಯ್ಕೆಯಾಗಿ ಕೂತಿರುತ್ತದೆ, ಅದರ ದುಡ್ಡೂ ಮೊತ್ತಕ್ಕೆ ಸೇರಿರುತ್ತದೆ. ನಕ್ಷೆ ಬರುವ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಅಂತ ನೋಡಿಕೊಳ್ಳಿ. ಅಷ್ಟು ಸಾಕು.

ಒಂದೇ ಮಾತಲ್ಲಿ ಹೇಳಿ, ಕೊಡಲಾ ಬೇಡವಾ?

ಒಂದೇ ಮಾತಲ್ಲಿ ಆಗಲ್ಲ, ಒಂದೇ ಪ್ರಶ್ನೆಯಲ್ಲಿ ಆಗುತ್ತದೆ. "ಈ ಸೀಟು ಸಿಗದಿದ್ದರೆ ನನಗೆ ನಿಜವಾಗಿ ಏನು ತೊಂದರೆ?" ಉತ್ತರ ಬರೀ "ಬೇಜಾರಾಗುತ್ತೆ" ಅಂತಿದ್ದರೆ ಬಿಡಿ. "ಮಂಡಿ ಮಡಚಿ ಎಂಟು ಗಂಟೆ ಕೂರೋಕೆ ಆಗಲ್ಲ", "ಗಂಟೆಗೊಮ್ಮೆ ಎದ್ದು ಹೋಗಬೇಕು", "ಒಬ್ಬಳೇ ಕೂತರೆ ಅಮ್ಮ ಗಾಬರಿಯಾಗ್ತಾಳೆ" ಅಂತಿದ್ದರೆ ಕೊಡಿ. ಕಂಪನಿ ಮಾರುತ್ತಿರುವುದು ಸೀಟಲ್ಲ, ಅದು ನಿಮ್ಮದಾಗಿಯೇ ಇದೆ. ಮಾರುತ್ತಿರುವುದು ಒಂದು ಆತಂಕಕ್ಕೆ ಮದ್ದು. ಆತಂಕ ನಿಮ್ಮದೋ, ಆ ಪುಟ ಹುಟ್ಟಿಸಿದ್ದೋ ಅಂತ ಮೊದಲು ನೋಡಬೇಕು.

ನನ್ನ ಮಟ್ಟಿಗೆ ಹೇಳುವುದಾದರೆ, ಒಬ್ಬನೇ ಹೋಗುವಾಗ ಎರಡು ಮೂರು ಗಂಟೆಯ ಪ್ರಯಾಣಕ್ಕೆ ಎಂದೂ ಕೊಡುವುದಿಲ್ಲ. ರಾತ್ರಿಯಿಡೀ ಹಾರುವ ವಿಮಾನಕ್ಕೆ ಕಣ್ಣು ಮುಚ್ಚಿ ಕೊಡುತ್ತೇನೆ. ಒಮ್ಮೆ ಜಿಪುಣತನ ಮಾಡಿ ನಡುವಿನ ಸೀಟಿನಲ್ಲಿ ಹತ್ತು ಗಂಟೆ ಕೂತಿದ್ದೆ. ಎಡಗಡೆಯವರು ನನ್ನ ಭುಜದ ಮೇಲೆ, ಬಲಗಡೆಯವರು ಅವರ ಮಡಿಲಲ್ಲಿದ್ದ ದಿಂಬಿನ ಮೇಲೆ. ಇಬ್ಬರಿಗೂ ಗಾಢ ನಿದ್ದೆ. ನಾನು ಮಾತ್ರ ಬಚ್ಚಲಿಗೆ ಹೋಗುವುದು ಹೇಗೆ ಅಂತ ಲೆಕ್ಕ ಹಾಕುತ್ತಾ ಎದುರಿನ ನಕ್ಷೆಯಲ್ಲಿ ಪುಟ್ಟ ವಿಮಾನ ತೆವಳುವುದನ್ನೇ ನೋಡುತ್ತಿದ್ದೆ.

ಮೊದಲು ಇದಕ್ಕೆ ದುಡ್ಡು ಇರಲಿಲ್ಲ ಅಲ್ವಾ?

ಇರಲಿಲ್ಲ. ಕಡಿಮೆ ದರದ ಕಂಪನಿಗಳು ಟಿಕೆಟ್ಟನ್ನು ಬಿಡಿಬಿಡಿ ಮಾಡಿದವು. ಬ್ಯಾಗಿಗೆ ಬೇರೆ, ಊಟಕ್ಕೆ ಬೇರೆ, ಸೀಟಿಗೆ ಬೇರೆ. ಆಮೇಲೆ ದೊಡ್ಡ ಕಂಪನಿಗಳೂ "ಬೇಸಿಕ್" ಅನ್ನುವ ಅಗ್ಗದ ಟಿಕೆಟ್ ತಂದು ಅದೇ ದಾರಿ ಹಿಡಿದವು. ಇದು ಚಿಲ್ಲರೆ ವ್ಯಾಪಾರ ಅಲ್ಲ. ಅಮೆರಿಕದ ಸೆನೆಟ್ ಉಪಸಮಿತಿಯೊಂದು 2024ರಲ್ಲಿ ಕೊಟ್ಟ ವರದಿಯ ಪ್ರಕಾರ, ಅಲ್ಲಿನ 5 ಕಂಪನಿಗಳು 2018ರಿಂದ 2023ರ ನಡುವೆ ಸೀಟಿನ ಶುಲ್ಕದಿಂದಲೇ 12.4 ಬಿಲಿಯನ್ ಡಾಲರ್ ಗಳಿಸಿವೆ. ಯಾರು ಮೊದಲು ಬಂದರೋ ಅವರಿಗೆ ಇಷ್ಟವಾದ ಸೀಟು ಅನ್ನುತ್ತಾ ಅರ್ಧ ಶತಮಾನ ನಡೆಸಿದ ಅಲ್ಲಿನ ವಿಮಾನ ಕಂಪನಿ ಸೌತ್‌ವೆಸ್ಟ್ ಕೂಡ 2026ರ ಜನವರಿಯಿಂದ ಸೀಟು ನಂಬರಿನ ಪದ್ಧತಿಗೆ ಬಂತು.

ಸುಮ್ನೆ ಬಿಟ್ಟರೆ ನಡುವಿನ ಸೀಟೇ ಬರುತ್ತಾ?

ಬರುವ ಸಾಧ್ಯತೆ ಜಾಸ್ತಿ, ಮತ್ತು ಅದಕ್ಕೆ ಕಂಪನಿಯ ಕುತಂತ್ರವೇ ಬೇಕಾಗಿಲ್ಲ. ಒಂದು ಲೆಕ್ಕ ನೋಡಿ. 180 ಸೀಟಿನ ಏರ್‌ಬಸ್ ಎ320 ತೆಗೆದುಕೊಳ್ಳೋಣ. 30 ಸಾಲು, ಸಾಲಿಗೆ 6 ಸೀಟು. ಅಂದರೆ 60 ಕಿಟಕಿ, 60 ನಡು, 60 ದಾರಿ ಬದಿ. ಯಾರೂ ದುಡ್ಡು ಕೊಡದೆ ಚೀಟಿ ಎತ್ತಿದರೆ ನಡುವಿನದು ಬರುವುದು ಮೂರರಲ್ಲಿ ಒಂದು ಸಲ.

ಈಗ 60 ಜನ ದುಡ್ಡು ಕೊಟ್ಟು ಸೀಟು ಹಿಡಿದರು ಅನ್ನಿ. ದುಡ್ಡು ಕೊಟ್ಟು ನಡುವಿನ ಸೀಟು ತಗೊಳ್ಳುವವರು ಕಮ್ಮಿ. ಎಲ್ಲರೂ ಕಿಟಕಿ, ದಾರಿ ಬದಿಯನ್ನೇ ಹಿಡಿದರೆ ಉಳಿದದ್ದು 120, ಅದರಲ್ಲಿ ನಡುವಿನವೇ 60. ಅರ್ಧಕ್ಕರ್ಧ. 90 ಜನ ಕೊಟ್ಟರೆ ಉಳಿದ 90ರಲ್ಲಿ 60 ನಡುವಿನವು, ಅಂದರೆ ಮೂರರಲ್ಲಿ ಎರಡು ಸಲ. ಪಕ್ಕದವರು ಕೊಟ್ಟಷ್ಟೂ ಕೊಡದವರ ಪಾಡು ಬಿಗಡಾಯಿಸುತ್ತದೆ. ವಿಮಾನ ಪೂರ್ತಿ ತುಂಬಿದ್ದರೆ ಮಾತ್ರ ಈ ಲೆಕ್ಕ. ಅರ್ಧ ಖಾಲಿ ಹಾರುವ ನಟ್ಟನಡು ವಾರದ ಮಧ್ಯಾಹ್ನದ ವಿಮಾನಕ್ಕೆ ದುಡ್ಡು ಕೊಟ್ಟವರನ್ನು ಕಂಡರೆ ನನಗೆ ಪಾಪ ಅನ್ನಿಸುತ್ತದೆ.

ನಕ್ಷೆಯಲ್ಲಿ ನಾಲ್ಕೇ ನಾಲ್ಕು ಸೀಟು ಖಾಲಿ ಇದೆ. ಈಗಲೇ ತಗೊಳ್ಳದಿದ್ದರೆ ಹೋಗಿಬಿಡುತ್ತಾ?

ನಕ್ಷೆಯಲ್ಲಿ ಬೂದು ಬಣ್ಣ ಕಂಡ ಮಾತ್ರಕ್ಕೆ ಅಲ್ಲಿ ಯಾರೋ ಇದ್ದಾರೆ ಅಂತಲ್ಲ. ಎಷ್ಟೋ ಸೀಟುಗಳನ್ನು ಕಂಪನಿಯೇ ತಡೆದು ಇಟ್ಟಿರುತ್ತದೆ. ಪದೇ ಪದೇ ಹಾರುವ ಸದಸ್ಯರಿಗೆ ಒಂದಿಷ್ಟು, ಅಂಗವಿಕಲ ಪ್ರಯಾಣಿಕರಿಗೆ, ಮಕ್ಕಳಿರುವ ಕುಟುಂಬಗಳಿಗೆ ಒಂದಿಷ್ಟು, ವಿಮಾನ ನಿಲ್ದಾಣದ ಸಿಬ್ಬಂದಿಯ ಕೈಯಲ್ಲಿ ಒಂದಿಷ್ಟು. ಚೆಕ್-ಇನ್ (ಬರುತ್ತೇವೆ ಅಂತ ಖಚಿತಪಡಿಸಿ ಬೋರ್ಡಿಂಗ್ ಪಾಸ್ ಪಡೆಯುವುದು) ತೆರೆದ ಮೇಲೆ, ಕೆಲವು ಸಲ ಗೇಟಿನಲ್ಲಿ ನಿಂತಾಗ, ಇವು ಒಂದೊಂದಾಗಿ ಬಿಡುಗಡೆಯಾಗುತ್ತವೆ. ಇನ್ನೊಂದು ಕಡೆ, ಸೀಟು ಆರಿಸದೇ ಟಿಕೆಟ್ ತಗೊಂಡವರು ನಕ್ಷೆಯಲ್ಲಿ ಕಾಣುವುದೇ ಇಲ್ಲ. ನಕ್ಷೆ ನೋಡಿ ವಿಮಾನ ಎಷ್ಟು ತುಂಬಿದೆ ಅಂತ ಹೇಳುವುದು ಚಪ್ಪಲಿ ಎಣಿಸಿ ಮನೆಯಲ್ಲಿ ಎಷ್ಟು ಜನ ಅಂತ ಹೇಳಿದ ಹಾಗೆ.

ಚೆಕ್-ಇನ್ ತೆರೆದ ಕೂಡಲೇ ಮಾಡಿದರೆ ಬಿಟ್ಟಿ ಒಳ್ಳೆ ಸೀಟು ಸಿಗುತ್ತಾ?

ಕಂಪನಿ ಮೇಲೆ ಹೋಗುತ್ತದೆ. ಹೆಚ್ಚಿನ ಕಡೆ ಹೊರಡುವ 24 ಗಂಟೆ ಮೊದಲು, ಕೆಲವು ಕಡೆ 48 ಗಂಟೆ ಮೊದಲು ಚೆಕ್-ಇನ್ ತೆರೆಯುತ್ತದೆ. ಆ ಹೊತ್ತಿಗೆ ಉಳಿದದ್ದರಲ್ಲಿ ಫ್ರೀಯಾಗಿ ಆರಿಸಲು ಬಿಡುವ ಕಂಪನಿಯಾದರೆ ಅಲಾರಾಂ ಇಟ್ಟುಕೊಂಡು ಕೂರುವುದು ಸಾರ್ಥಕ. ಕೊಟ್ಟದ್ದನ್ನು ತಗೋ ಅನ್ನುವ ಕಂಪನಿಯಾದರೆ ಮೊದಲು ಹೋದರೂ ಅಷ್ಟೆ. ಬುಕ್ ಮಾಡುವ ಮೊದಲೇ ಟಿಕೆಟ್ ನಿಯಮದಲ್ಲಿ ಈ ಒಂದು ಸಾಲು ಹುಡುಕಿ. ದುಡ್ಡು ಕೊಡುವ ತೀರ್ಮಾನ ಅರ್ಧ ಅಲ್ಲೇ ಮುಗಿಯುತ್ತದೆ.

ತಡವಾಗಿ ಚೆಕ್-ಇನ್ ಮಾಡಿದರೆ ಮಾರಾಟವಾಗದೆ ಉಳಿದ ಒಳ್ಳೆ ಸೀಟು ಸಿಗುತ್ತದೆ ಅಂತ ಒಂದು ಮಾತಿದೆ. ಕೆಲವರಿಗೆ ಸಿಕ್ಕಿಯೂ ಇದೆ. ಆದರೆ ಅದು ಜೂಜು. ಅಲ್ಲದೆ ಎಷ್ಟೋ ಕಂಪನಿಗಳು ಇರುವ ಸೀಟಿಗಿಂತ ಜಾಸ್ತಿ ಟಿಕೆಟ್ ಮಾರುತ್ತವೆ. ಎಲ್ಲರೂ ಬಂದುಬಿಟ್ಟರೆ ಕೊನೆಗೆ ಚೆಕ್-ಇನ್ ಮಾಡಿದವರ ಮೇಲೇ ಮೊದಲು ಕಣ್ಣು ಬೀಳುವುದು. ನನಗಂತೂ ಆ ಜೂಜು ಬೇಡ.

ನಾವಿಬ್ಬರು ಹೋಗುತ್ತಿದ್ದೇವೆ. ದುಡ್ಡು ಕೊಡದಿದ್ದರೆ ಬೇಕಂತಲೇ ಬೇರೆ ಬೇರೆ ಕೂರಿಸುತ್ತಾರಾ?

ಬೇಕಂತಲೇ ಅಂತ ಯಾವ ಕಂಪನಿಯೂ ಒಪ್ಪುವುದಿಲ್ಲ. ಆದರೆ ಕಂಪನಿಯಿಂದ ಕಂಪನಿಗೆ ಅಜಗಜಾಂತರ ಇದೆ. ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರ 2018ರಲ್ಲಿ ಪ್ರಯಾಣಿಕರನ್ನು ಕೇಳಿ ಸಮೀಕ್ಷೆ ಮಾಡಿತ್ತು. ಜೊತೆಯವರಿಂದ ಬೇರೆಯಾಗುವ ಸಾಧ್ಯತೆ ಎಲ್ಲಕ್ಕಿಂತ ಹೆಚ್ಚು ಕಂಡದ್ದು ಐರ್ಲೆಂಡಿನ ಅಗ್ಗದ ಕಂಪನಿ ರಯಾನ್‌ಏರ್‌ನಲ್ಲಿ, 35%. ಬೇರೆ ಎಷ್ಟೋ ಕಂಪನಿಗಳಲ್ಲಿ ಒಂದೇ ಬುಕಿಂಗಿನವರನ್ನು ಕಂಪ್ಯೂಟರೇ ಆದಷ್ಟು ಒಟ್ಟಿಗೆ ಸೇರಿಸುತ್ತದೆ, ಕೇಳದೆಯೇ.

ಇಬ್ಬರೂ ಒಂದೇ ಪಿಎನ್‌ಆರ್‌ನಲ್ಲಿ ಇರುವುದು ಇಲ್ಲಿ ಮುಖ್ಯ. ಬೇರೆ ಬೇರೆ ಬುಕ್ ಮಾಡಿದರೆ ನೀವು ಜೊತೆಗಾರರು ಅಂತ ಕಂಪ್ಯೂಟರಿಗೆ ಕನಸು ಬೀಳುವುದಿಲ್ಲ. ಮಿಕ್ಕಂತೆ, ದೊಡ್ಡವರಿಬ್ಬರು ಎರಡು ಗಂಟೆ ಬೇರೆ ಕೂತರೆ ಸಂಸಾರವೇನೂ ಮುರಿಯುವುದಿಲ್ಲ. ಕೆಲವು ಸಲ ಒಳ್ಳೆಯದೇ ಆಗುತ್ತದೆ.

ಮಕ್ಕಳ ಜೊತೆ ಹೋಗುವಾಗ?

ಇಲ್ಲೇ ಜನ ಜಾಸ್ತಿ ಹೆದರುವುದು, ಇಲ್ಲೇ ಜಾಸ್ತಿ ದುಡ್ಡು ಸುಮ್ನೆ ಹೋಗುವುದು. ಕೊಡುವ ಮೊದಲು ನಿಯಮ ನೋಡಿ.

ಭಾರತದ ವಿಮಾನಯಾನ ನಿರ್ದೇಶನಾಲಯ 2024ರ ಏಪ್ರಿಲ್‌ನಲ್ಲಿ ಕಂಪನಿಗಳಿಗೆ ಹೇಳಿದ್ದು ಇಷ್ಟು: 12 ವರ್ಷದವರೆಗಿನ ಮಕ್ಕಳಿಗೆ ಅದೇ ಪಿಎನ್‌ಆರ್‌ನಲ್ಲಿರುವ ಅಪ್ಪ, ಅಮ್ಮ ಅಥವಾ ಪೋಷಕರಲ್ಲಿ ಒಬ್ಬರ ಜೊತೆ ಸೀಟು ಕೊಡಬೇಕು. ಕೆನಡಾದ ನಿಯಮ ಇನ್ನೂ ಬಿಡಿಸಿ ಹೇಳುತ್ತದೆ. 5 ವರ್ಷದೊಳಗಿನ ಮಗುವಾದರೆ ಪಕ್ಕದ ಸೀಟೇ ಆಗಬೇಕು. 5ರಿಂದ 11ರವರಾದರೆ ಅದೇ ಸಾಲು, ನಡುವೆ ಒಂದು ಸೀಟಿಗಿಂತ ಹೆಚ್ಚು ಅಂತರ ಇರಬಾರದು. 12, 13ರವರಾದರೆ ಒಂದು ಸಾಲಿಗಿಂತ ಹೆಚ್ಚು ದೂರ ಇರಬಾರದು. ಇದಕ್ಕೆ ದುಡ್ಡು ಕೇಳುವಂತಿಲ್ಲ. ಅಮೆರಿಕದಲ್ಲಿ ಯಾವ ಕಂಪನಿ ಮಕ್ಕಳನ್ನು ಫ್ರೀಯಾಗಿ ಪಕ್ಕದಲ್ಲಿ ಕೂರಿಸುವ ಮಾತು ಕೊಟ್ಟಿದೆ ಅನ್ನುವ ಪಟ್ಟಿಯನ್ನು ಅಲ್ಲಿನ ಸಾರಿಗೆ ಇಲಾಖೆ 2023ರಿಂದ ಬಹಿರಂಗವಾಗಿ ಇಟ್ಟಿದೆ.

ಗಮನಿಸಿ, "ಒಬ್ಬರ ಜೊತೆ" ಅಂದರೆ ಒಬ್ಬರ ಜೊತೆಯೇ. ಅಪ್ಪ 8ನೇ ಸಾಲು, ಅಮ್ಮ ಮಗು 23ನೇ ಸಾಲು ಆದರೂ ನಿಯಮ ಮುರಿದ ಹಾಗಲ್ಲ. ನಾಲ್ಕೂ ಜನ ಒಂದೇ ಕಡೆ ಬೇಕು ಅಂದರೆ ಅದಕ್ಕೆ ಖಾತ್ರಿ ಇಲ್ಲ. ಮಗು ಕಿಟಕಿಗಾಗಿ ಹಟ ಮಾಡುತ್ತದೆ ಅಂದರೂ ಅಷ್ಟೆ. ನಾನು ಮಾಡುವುದು ಹೀಗೆ: ಎಲ್ಲರಿಗೂ ಕೊಡುವುದಿಲ್ಲ. ಚೆಕ್-ಇನ್ ಆಗಿ ಒಬ್ಬರು ಮಗುವಿನ ಪಕ್ಕ ಬಂದಿದ್ದಾರಾ ನೋಡುತ್ತೇನೆ. ಬಂದಿಲ್ಲದಿದ್ದರೆ ಕಸ್ಟಮರ್ ಕೇರಿಗೆ ಫೋನ್, ಅಲ್ಲೂ ಆಗದಿದ್ದರೆ ಬೇಗ ಹೋಗಿ ಕೌಂಟರ್. ಎರಡು ವರ್ಷದ ಮಗುವನ್ನು ಅಪರಿಚಿತರ ನಡುವೆ ಕೂರಿಸುವ ಆಸೆ ಯಾವ ಸಿಬ್ಬಂದಿಗೂ ಇರುವುದಿಲ್ಲ, ಮಗುವಿನ ಎರಡೂ ಪಕ್ಕ ಕೂರುವವರಿಗಂತೂ ಮೊದಲೇ ಇರುವುದಿಲ್ಲ. ಇಷ್ಟು ಓಡಾಟದ ತಾಳ್ಮೆ ಇಲ್ಲ ಅನ್ನುವವರು ದುಡ್ಡು ಕೊಟ್ಟರೆ ತಪ್ಪೇನೂ ಇಲ್ಲ. ತಾಳ್ಮೆಗೂ ಒಂದು ಬೆಲೆ ಇದೆ.

ಮಡಿಲ ಮಗು ಇದ್ದರೆ ಯಾವ ಸೀಟು ಬೇಕಾದರೂ ಆರಿಸಬಹುದಾ?

ಇಲ್ಲ. ಎಮರ್ಜೆನ್ಸಿ ಎಕ್ಸಿಟ್, ಅಂದರೆ ತುರ್ತು ಬಾಗಿಲ ಪಕ್ಕದ ಸಾಲು ಸಿಗುವುದಿಲ್ಲ. ಮೂರು ಸೀಟಿನ ಸಾಲಿಗೆ ಮೇಲಿನಿಂದ ಬೀಳುವ ಆಕ್ಸಿಜನ್ ಮಾಸ್ಕ್ ಸಾಮಾನ್ಯವಾಗಿ 4 ಮಾತ್ರ, ಒಂದು ಹೆಚ್ಚಿಗೆ. ಹಾಗಾಗಿ ಆ ಮೂರು ಸೀಟಿನಲ್ಲಿ ಎರಡು ಮಡಿಲ ಮಕ್ಕಳು ಇರುವಂತಿಲ್ಲ. ಅವಳಿ ಮಕ್ಕಳ ಅಪ್ಪ ಅಮ್ಮ ಪಕ್ಕಪಕ್ಕದ ಸೀಟು ಕೊಂಡು, ಆಮೇಲೆ ಗಗನಸಖಿ ಬಂದು ಎಬ್ಬಿಸುವುದು ಇದೇ ಕಾರಣಕ್ಕೆ. ದೂರದ ವಿಮಾನದಲ್ಲಿ ಗೋಡೆಗೆ ತಗುಲಿಸುವ ತೊಟ್ಟಿಲು ಬೇಕಿದ್ದರೆ ಬುಕ್ ಮಾಡಿದ ದಿನವೇ ಫೋನ್ ಮಾಡಿ ಕೇಳಿ. ಒಂದು ವಿಮಾನದಲ್ಲಿ ಬೆರಳೆಣಿಕೆಯಷ್ಟು ಮಾತ್ರ ಇರುತ್ತವೆ, ಮಗುವಿನ ತೂಕಕ್ಕೂ ಮಿತಿ ಇರುತ್ತದೆ.

ಒಬ್ಬರು ಕಿಟಕಿ, ಒಬ್ಬರು ದಾರಿ ಬದಿ ತಗೊಂಡು ನಡುವಿನದನ್ನು ಖಾಲಿ ಬಿಡುವ ಉಪಾಯ ಫಲಿಸುತ್ತಾ?

ಹಿಂದಿನ ಸಾಲುಗಳಲ್ಲಿ, ವಿಮಾನ ತುಂಬದ ದಿನ, ಫಲಿಸುತ್ತದೆ. ತುಂಬಿದ ದಿನ ಕೊನೆಗೆ ಬಂದ ಯಾರೋ ಒಬ್ಬರು ನಡುವೆ ಬಂದು ಕೂರುತ್ತಾರೆ. ಆಗ "ನೀವು ಈ ಕಡೆ ಬನ್ನಿ" ಅಂದರೆ ಅವರು ಸಂತೋಷದಿಂದ ಒಪ್ಪುತ್ತಾರೆ. ನಷ್ಟ ಇಲ್ಲದ ಉಪಾಯ, ಆದರೆ ಇದಕ್ಕಾಗಿ ದುಡ್ಡು ಕೊಡಬೇಡಿ. ಮತ್ತೆ, ಜಾಗ ಬಿಟ್ಟುಕೊಡದೆ ಅವರ ತಲೆಯ ಮೇಲಿಂದ ಮೂರು ಗಂಟೆ ಮಾತಾಡಬೇಡಿ, ದಯವಿಟ್ಟು.

ಕೊಡುವುದೇ ಆದರೆ ಕಿಟಕಿಗೋ ದಾರಿ ಬದಿಗೋ?

ನಿದ್ದೆ ಮಾಡುವವರಿಗೆ ಕಿಟಕಿ. ಒರಗಲು ಗೋಡೆ ಇದೆ, ಯಾರೂ ಎಬ್ಬಿಸುವುದಿಲ್ಲ. ಏಳುವವರಿಗೆ ದಾರಿ ಬದಿ. ಕಾಲು ಬಾತುಕೊಳ್ಳುವವರು, ರಕ್ತ ಹೆಪ್ಪುಗಟ್ಟುವ ಭಯ ಇರುವವರು, ಗರ್ಭಿಣಿಯರು ದೂರದ ಪ್ರಯಾಣದಲ್ಲಿ ಆಗಾಗ ಎದ್ದು ಓಡಾಡಬೇಕು. ಕಿಟಕಿ ಪಕ್ಕ ಕೂತವರು ಸಂಕೋಚಕ್ಕೆ ಏಳುವುದೇ ಇಲ್ಲ.

ಹೊರಗೆ ನೋಡುವುದೇ ಖುಷಿ ಅನ್ನುವವರು ಎರಡು ವಿಷಯ ನೋಡಿ. ಒಂದು, ರೆಕ್ಕೆ. ಸಾಲುಗಳ ನಟ್ಟನಡುವೆ ಕೂತರೆ ಕಾಣುವುದು ಬರೀ ರೆಕ್ಕೆ. ಇನ್ನೊಂದು, ಬಿಸಿಲು. ಎ ಅಕ್ಷರದ ಸೀಟು ಎಡಗಡೆ. ಬೆಳಗ್ಗೆ ಉತ್ತರಕ್ಕೆ ಹೊರಟರೆ ಬಿಸಿಲು ಬಲಗಡೆ ಹೊಡೆಯುತ್ತದೆ, ಸಂಜೆಯಾದರೆ ಎಡಗಡೆ. ದಕ್ಷಿಣಕ್ಕೆ ಹೊರಟರೆ ತಿರುವುಮುರುವು. ಬಿಸಿಲಿನ ಕಡೆ ಕೂತವರು ಹತ್ತೇ ನಿಮಿಷದಲ್ಲಿ ಪರದೆ ಎಳೆದುಬಿಡುತ್ತಾರೆ. ಆಮೇಲೆ ಅದು ಕಿಟಕಿ ಸೀಟಾಗಿ ಏನು ಬಂತು?

ಕಿಟಕಿ ಸೀಟಿಗೆ ದುಡ್ಡು ಕೊಟ್ಟೆ, ಹೋಗಿ ನೋಡಿದರೆ ಕಿಟಕಿಯೇ ಇಲ್ಲ!

ನನಗೂ ಆಗಿದೆ. ನಕ್ಷೆಯಲ್ಲಿ ಚೆಂದವಾಗಿ ಕಿಟಕಿ ಪಕ್ಕ ಅಂತಲೇ ಇತ್ತು. ಹೋಗಿ ಕೂತರೆ ಎದುರು ಸಾಲಿಗೊಂದು ಕಿಟಕಿ, ಹಿಂದಿನ ಸಾಲಿಗೊಂದು ಕಿಟಕಿ, ನನ್ನ ಪಕ್ಕ ಬಿಳಿ ಪ್ಲಾಸ್ಟಿಕ್ ಗೋಡೆ. ಮೋಡ ನೋಡಬೇಕೆಂದರೆ ಕತ್ತು ಹಿಂದಕ್ಕೆ ತಿರುಗಿಸಿ ಹಿಂದಿನವರ ಮಂಡಿಯ ಸಂದಿಯಿಂದ ನೋಡಬೇಕು. ಅವರು ನಾನು ಅವರನ್ನೇ ನೋಡುತ್ತಿದ್ದೇನೆ ಅಂದುಕೊಂಡರು.

ಇದಕ್ಕೆ ಕಾರಣ ಇದೆ. ಬೋಯಿಂಗ್ 737ರಲ್ಲಿ ಹವಾನಿಯಂತ್ರಣದ ಗಾಳಿ ಕೆಳಗಿನಿಂದ ಚಾವಣಿಗೆ ಹೋಗುವ ಕೊಳವೆ ಗೋಡೆಯೊಳಗೆ ಹಾದುಹೋಗುತ್ತದೆ. ರೆಕ್ಕೆಗಿಂತ ಸ್ವಲ್ಪ ಮುಂದೆ, ಆ ಜಾಗದಲ್ಲಿ ಕಿಟಕಿ ಇಡಲು ಆಗುವುದಿಲ್ಲ. ಕಂಪನಿ ಸಾಲುಗಳನ್ನು ಹೇಗೆ ಜೋಡಿಸಿದೆ ಅನ್ನುವುದರ ಮೇಲೆ ಅದು 9, 10, 11, 12 ಯಾವ ಸಾಲಾದರೂ ಆಗಬಹುದು. ರಯಾನ್‌ಏರ್‌ನ 11ಎ ಇದಕ್ಕೇ ಹೆಸರುವಾಸಿ. 2025ರಲ್ಲಿ ಅಮೆರಿಕದಲ್ಲಿ ಡೆಲ್ಟಾ ಮತ್ತು ಯುನೈಟೆಡ್ ಕಂಪನಿಗಳ ಮೇಲೆ ಕಿಟಕಿ ಇಲ್ಲದ ಕಿಟಕಿ ಸೀಟು ಮಾರಿದರು ಅಂತ ಕೇಸೂ ಬಿತ್ತು. ಏರೋಲೋಪಾದಂಥ ತಾಣಗಳಲ್ಲಿ ಕಿಟಕಿ ಎಲ್ಲಿದೆ, ಎಲ್ಲಿಲ್ಲ ಅನ್ನುವಷ್ಟು ವಿವರವಾದ ನಕ್ಷೆ ಸಿಗುತ್ತದೆ. ಕಿಟಕಿಗೆ ದುಡ್ಡು ಕೊಡುವ ಮೊದಲು ಒಂದು ನಿಮಿಷ ಅಲ್ಲಿ ನೋಡಿ.

ಯಾವ ವಿಮಾನ ಅಂತಲೂ ನೋಡಬೇಕಾ?

ನೋಡಲೇಬೇಕು. ಕೆಲವು ವಿಮಾನದಲ್ಲಿ ನಡುವಿನ ಸೀಟೇ ಇಲ್ಲ! ಎಟಿಆರ್ 72 ಮತ್ತು ಎಂಬ್ರಾಯರ್ 190ರಲ್ಲಿ ಈ ಕಡೆ ಎರಡು, ಆ ಕಡೆ ಎರಡು. ಕಿಟಕಿ ಅಥವಾ ದಾರಿ ಬದಿ, ಎರಡರಲ್ಲಿ ಒಂದು ಗ್ಯಾರಂಟಿ. ಯಾವುದಾದರೂ ಪರವಾಗಿಲ್ಲ ಅನ್ನುವವರು ಅಲ್ಲಿ ಯಾಕೆ ದುಡ್ಡು ಕೊಡಬೇಕು? ಏರ್‌ಬಸ್ ಎ220ಯಲ್ಲಿ ಎರಡು, ಮೂರು. ಎ330ಯಲ್ಲಿ ಸಾಮಾನ್ಯವಾಗಿ ಎರಡು, ನಾಲ್ಕು, ಎರಡು. ಗಂಡ ಹೆಂಡತಿ ಇಬ್ಬರೇ ದೂರ ಹೋಗುವುದಾದರೆ ಎ330ಯ ಆ ಎರಡರ ಜೋಡಿ ಸೀಟಿಗೆ ನಾನು ಸಂತೋಷವಾಗಿ ದುಡ್ಡು ಕೊಡುತ್ತೇನೆ, ಮೂರನೆಯವರ ಕಾಟವೇ ಇಲ್ಲ. ಬೋಯಿಂಗ್ 777ರಲ್ಲಿ ಈಗ ಹೆಚ್ಚಿನವರು ಸಾಲಿಗೆ 10 ಸೀಟು ಹಾಕುತ್ತಾರೆ, ಭುಜ ತಾಗುತ್ತದೆ.

ಎಟಿಆರ್‌ನಲ್ಲಿ ಇನ್ನೊಂದು ತಮಾಷೆ. ಹತ್ತುವ ಬಾಗಿಲು ಹಿಂದೆ ಇದೆ. "ಬೇಗ ಇಳಿಯಬಹುದು" ಅಂತ ದುಡ್ಡು ಕೊಟ್ಟು 2ನೇ ಸಾಲು ಹಿಡಿದವರು ಕೊನೆಗೆ ಇಳಿಯುತ್ತಾರೆ.

ಕಾಲು ಚಾಚಲು ಜಾಗ ಇರುವ ಸೀಟಿನ ಬೆಲೆ ಜಾಸ್ತಿ. ಅಷ್ಟು ಕೊಡಬಹುದಾ?

ಉದ್ದ ಇದ್ದೀರಾ? ಹಾಗಾದರೆ ಎಲ್ಲ ಸೀಟು ಶುಲ್ಕಗಳಲ್ಲಿ ಇದೊಂದೇ ನಿಜಕ್ಕೂ ಏನನ್ನೋ ಕೊಡುತ್ತದೆ. ಮಾಮೂಲಿ ಸಾಲುಗಳ ನಡುವಿನ ಅಂತರ 28ರಿಂದ 32 ಇಂಚು. 28 ಇಂಚಿನಲ್ಲಿ ಎತ್ತರದವರ ಮಂಡಿ ಎದುರು ಸೀಟಿಗೆ ಒತ್ತಿಕೊಂಡೇ ಇರುತ್ತದೆ, ಮುಂದಿನವರು ಹಿಂದಕ್ಕೆ ಬಾಗಿದರೆ ಮುಗಿಯಿತು ಕತೆ.

ಆದರೆ ಎಮರ್ಜೆನ್ಸಿ ಎಕ್ಸಿಟ್ ಸಾಲಿಗೆ ಷರತ್ತುಗಳಿವೆ. ಅಗತ್ಯ ಬಿದ್ದರೆ ಬಾಗಿಲು ತೆಗೆಯುವ ಶಕ್ತಿ ಇರಬೇಕು, ಸಹಾಯ ಮಾಡಲು ಒಪ್ಪಬೇಕು, ಸಿಬ್ಬಂದಿ ಹೇಳಿದ್ದು ಅರ್ಥವಾಗಬೇಕು. ಮಕ್ಕಳಿಗೆ ಕೊಡುವುದಿಲ್ಲ, ಗರ್ಭಿಣಿಯರಿಗೂ ಹೆಚ್ಚಿನ ಕಂಪನಿಗಳು ಕೊಡುವುದಿಲ್ಲ. ಹತ್ತುವಾಗ ಬ್ಯಾಗು ಕಾಲಬುಡದಲ್ಲಿ ಇಡುವ ಹಾಗಿಲ್ಲ. ಎರಡು ಎಕ್ಸಿಟ್ ಸಾಲು ಒಂದರ ಹಿಂದೆ ಒಂದು ಇದ್ದರೆ, ಮುಂದಿನದರ ಬೆನ್ನು ಸಾಮಾನ್ಯವಾಗಿ ಬಾಗುವುದಿಲ್ಲ, ಹಿಂದಿನ ಬಾಗಿಲ ದಾರಿಗೆ ಅಡ್ಡ ಬರಬಾರದು ಅಂತ. ಬೆಲೆ ಮಾತ್ರ ಎರಡಕ್ಕೂ ಒಂದೇ ಇರಬಹುದು. ಹಿಂದಿನದನ್ನು ತಗೊಳ್ಳಿ.

ಎಲ್ಲಕ್ಕಿಂತ ಮುಂದಿನ, ಗೋಡೆ ಎದುರಿನ ಸಾಲು ಬೇರೆ ಕತೆ. ಎದುರು ಯಾರೂ ಬಾಗುವುದಿಲ್ಲ ನಿಜ. ಆದರೆ ಕಾಲು ಚಾಚಿದರೆ ಗೋಡೆ. ಊಟದ ತಟ್ಟೆ ಕೈಯಾನಿಕೆಯೊಳಗೆ ಇರುವುದರಿಂದ ಕೈಯಾನಿಕೆಯನ್ನು ಮೇಲೆತ್ತಲು ಬರುವುದಿಲ್ಲ, ಸೀಟೂ ಒಂದು ಚೂರು ಕಿರಿದು. ತೊಟ್ಟಿಲು ತಗುಲಿಸುವ ಗೋಡೆಯೂ ಅದೇ. ಮಗುವಿನ ಅಳು ಬೇಡ ಅನ್ನುವವರು ದುಡ್ಡು ಕೊಟ್ಟು ಅದರ ಪಕ್ಕವೇ ಹೋಗಿ ಕೂತಿರುತ್ತಾರೆ.

ವಾಂತಿ ಬರುವವರಿಗೆ ಎಲ್ಲಿ ಒಳ್ಳೆಯದು?

ರೆಕ್ಕೆಯ ಹತ್ತಿರ. ವಿಮಾನದ ತೂಕದ ಕೇಂದ್ರ ಅಲ್ಲೇ ಇರುವುದರಿಂದ ಕುಲುಕಾಟ ಕಮ್ಮಿ. ಕೊನೆಯ ಸಾಲುಗಳಲ್ಲಿ ಜಾಸ್ತಿ. ಕೊನೆಯ ಸಾಲಿನ ಬೆನ್ನು ಎಷ್ಟೋ ಸಲ ಬಾಗುವುದಿಲ್ಲ, ಹಿಂದೆಯೇ ಬಚ್ಚಲು, ಮುಂದೆಯೇ ಅದರ ಕ್ಯೂ. ಅದಕ್ಕೂ ದುಡ್ಡು ಕೇಳುವವರ ಧೈರ್ಯ ಮೆಚ್ಚಬೇಕು.

ಯಾವ ಸೀಟು ಸುರಕ್ಷಿತ?

ಇದಕ್ಕಾಗಿ ದುಡ್ಡು ಕೊಡಬೇಡಿ. ಅಪಘಾತದಿಂದ ಅಪಘಾತಕ್ಕೆ ಉತ್ತರ ಬದಲಾಗುತ್ತದೆ. ಬೆಲ್ಟ್ ಹಾಕಿಕೊಳ್ಳಿ, ನಿಮ್ಮ ಸೀಟಿನಿಂದ ಹತ್ತಿರದ ಬಾಗಿಲಿಗೆ ಎಷ್ಟು ಸಾಲು ಅಂತ ಎಣಿಸಿಡಿ.

ಇಳಿದು ಇನ್ನೊಂದು ವಿಮಾನ ಹಿಡಿಯಬೇಕು. ಮುಂದಿನ ಸೀಟು ತಗೊಳ್ಳಲಾ?

ನಡುವೆ ಎರಡು ಗಂಟೆ ಇದ್ದರೆ ಬೇಡ. 50 ನಿಮಿಷ ಅಷ್ಟೇ ಇದ್ದರೆ ಯೋಚಿಸಿ. ತುಂಬಿದ ವಿಮಾನದ ಕೊನೆಯ ಸಾಲಿನವರು ಹೊರಬರಲು ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ. ಮೆಟ್ಟಿಲು ಹಾಕಿ ಎರಡೂ ಬಾಗಿಲಿನಿಂದ ಇಳಿಸುವ ಕಡೆ ಮಾತ್ರ ಹಿಂದಿನವರೂ ಬೇಗ ಇಳಿಯುತ್ತಾರೆ.

ಮರೆಯಬೇಡಿ, ಶುಲ್ಕ ಒಂದು ವಿಮಾನಕ್ಕೆ, ಒಬ್ಬರಿಗೆ. ನಾಲ್ಕು ಜನ, ಹೋಗುವಾಗ ಎರಡು ವಿಮಾನ, ಬರುವಾಗ ಎರಡು ಅಂದರೆ 16 ಸಲ. ಪುಟದಲ್ಲಿ ಕಾಣುವ ಸಣ್ಣ ಮೊತ್ತ ಅಲ್ಲಿ ಸಣ್ಣದಲ್ಲ. ದೂರದ ಹಾರಾಟಕ್ಕೆ ಮಾತ್ರ ಕೊಟ್ಟು ಹತ್ತಿರದ್ದನ್ನು ಬಿಡಬಹುದು. ಇನ್ನೊಂದು, ಬ್ಯಾಗೂ ಬೇಕು ಸೀಟೂ ಬೇಕು ಅಂತಿದ್ದರೆ ಎರಡೂ ಸೇರಿರುವ ಮೇಲಿನ ದರ್ಜೆಯ ಟಿಕೆಟ್ಟಿನ ಬೆಲೆ ನೋಡಿ. ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಅದೇ ಅಗ್ಗ ಆಗುವುದುಂಟು.

ಬುಕಿಂಗ್ ಆ್ಯಪಿನಲ್ಲಿ ಸೀಟಿಗೂ ದುಡ್ಡು ಕೊಟ್ಟಿದ್ದೇನೆ. ಇನ್ನು ಚಿಂತೆ ಇಲ್ಲ ಅಲ್ವಾ?

ಸ್ವಲ್ಪ ಇದೆ. ಮಧ್ಯವರ್ತಿಗಳ ಆ್ಯಪಿನಲ್ಲಿ ಕೆಲವು ಸಲ ನೀವು ಸಲ್ಲಿಸಿದ್ದು ಬರೀ ಕೋರಿಕೆ, ಸೀಟಲ್ಲ. ಪಿಎನ್‌ಆರ್ ಹಿಡಿದು ವಿಮಾನ ಕಂಪನಿಯ ತಾಣದಲ್ಲೇ ಒಮ್ಮೆ ನೋಡಿ. ಒಂದು ಕಂಪನಿಯ ಹೆಸರಲ್ಲಿ ಟಿಕೆಟ್, ಹಾರಿಸುವುದು ಇನ್ನೊಂದು ಕಂಪನಿ ಅಂತಿದ್ದರೆ ಹಾರಿಸುವವರ ಪಿಎನ್‌ಆರ್ ಬೇರೆಯೇ ಇರಬಹುದು. ಅದನ್ನು ಕೇಳಿ ಪಡೆದು ಅವರ ತಾಣದಲ್ಲಿ ನೋಡಬೇಕು.

ದುಡ್ಡು ಕೊಟ್ಟ ಸೀಟನ್ನೇ ಬದಲಾಯಿಸಿದರು. ವಾಪಸ್ ಸಿಗುತ್ತಾ?

ಕೇಳಿದರೆ ಸಿಗುತ್ತದೆ, ಸುಮ್ಮನಿದ್ದರೆ ಎಷ್ಟೋ ಸಲ ಸಿಗುವುದಿಲ್ಲ. ವಿಮಾನ ಬದಲಾಯಿತು, ತೂಕದ ಹೊಂದಾಣಿಕೆ ಬೇಕು, ಸುರಕ್ಷತೆಯ ಕಾರಣ ಅಂತೆಲ್ಲ ಸೀಟು ಬದಲಾಯಿಸುವ ಹಕ್ಕನ್ನು ಕಂಪನಿಗಳು ತಮ್ಮ ನಿಯಮದಲ್ಲಿ ಇಟ್ಟುಕೊಂಡಿರುತ್ತವೆ. ಆದರೆ ಕೊಂಡದ್ದು ಕೊಡಲಿಲ್ಲ ಅಂದರೆ ಅದರ ಶುಲ್ಕ ಹಿಂತಿರುಗಿಸಬೇಕು ಅನ್ನುವುದು ನ್ಯಾಯ. ಅಮೆರಿಕದಲ್ಲಿ 2024ರಲ್ಲಿ ಅದು ನಿಯಮವೂ ಆಯಿತು. ಹಳೆ ಸೀಟಿನ ರಸೀದಿ, ಹೊಸ ಬೋರ್ಡಿಂಗ್ ಪಾಸ್ ಎರಡರ ಫೋಟೋ ಇಟ್ಟುಕೊಳ್ಳಿ. ನೀವೇ ಟಿಕೆಟ್ ರದ್ದು ಮಾಡಿದರೆ ಮಾತ್ರ ಸೀಟಿನ ದುಡ್ಡು ಸಾಮಾನ್ಯವಾಗಿ ಹೋದ ಹಾಗೆಯೇ.

ವಯಸ್ಸಾದವರಿಗೆ, ಕಾಲು ನೋವಿರುವವರಿಗೆ ಫ್ರೀ ಕೊಡುತ್ತಾರಾ?

ನಕ್ಷೆಯಲ್ಲಿ ಕೊಡುವುದಿಲ್ಲ, ಫೋನಿನಲ್ಲಿ ಕೊಡುತ್ತಾರೆ. ವೀಲ್‌ಚೇರ್ ಬೇಕು, ಮಂಡಿ ಮಡಚಲು ಆಗುವುದಿಲ್ಲ ಅಂತ ಮೊದಲೇ ಹೇಳಿದರೆ ಸೂಕ್ತ ಸೀಟು ಹಾಕಿಕೊಡುತ್ತಾರೆ. ಯುರೋಪಿನ ನಿಯಮದಲ್ಲಿ, ನೆರವಿಗೆ ಬಂದವರನ್ನು ಅಂಗವಿಕಲ ಪ್ರಯಾಣಿಕರ ಪಕ್ಕ ಕೂರಿಸಲು ಕಂಪನಿ ಪ್ರಯತ್ನಿಸಲೇಬೇಕು. ಎಷ್ಟೋ ಮನೆಯವರು ಇದನ್ನು ಕೇಳುವುದೇ ಇಲ್ಲ, ಸುಮ್ನೆ ದುಡ್ಡು ಕಟ್ಟಿಬಿಡುತ್ತಾರೆ.

ಯಾರಾದರೂ ಬಂದು "ಸೀಟು ಬದಲಾಯಿಸಿಕೊಳ್ತೀರಾ" ಅಂದರೆ?

ನೀವು ದುಡ್ಡು ಕೊಟ್ಟಿದ್ದರೆ "ಇಲ್ಲ" ಅನ್ನಲು ಸಂಕೋಚ ಬೇಡ. ಕೇಳುವ ಸರದಿ ನಿಮ್ಮದಾದರೆ ಅಷ್ಟೇ ಒಳ್ಳೆಯ ಸೀಟನ್ನು ಕೈಯಲ್ಲಿ ಹಿಡಿದು ಕೇಳಿ. ದಾರಿ ಬದಿಗೆ ದಾರಿ ಬದಿ, ಕಿಟಕಿಗೆ ಕಿಟಕಿ. ನಡುವಿನ ಸೀಟು ತೋರಿಸಿ ಕಿಟಕಿ ಕೇಳುವುದು, ಅದೂ ಅವರು ಆಗಲೇ ಬೆಲ್ಟ್ ಹಾಕಿಕೊಂಡು ಚಪ್ಪಲಿ ಬಿಚ್ಚಿ ಕೂತ ಮೇಲೆ, ಸರಿಯಲ್ಲ.

ಬೋರ್ಡಿಂಗ್ ಪಾಸಿನಲ್ಲಿ ಸೀಟು ನಂಬರೇ ಇಲ್ಲ. ಏನು ಮಾಡಲಿ?

ಬೇಗ ಗೇಟಿಗೆ ಹೋಗಿ. ಸೀಟು ಗೇಟಿನಲ್ಲಿ ಕೊಡುತ್ತಾರೆ ಅಂತ ಅರ್ಥ. ಸಿಬ್ಬಂದಿ ಕಂಪ್ಯೂಟರ್ ತೆರೆದು ಕೂತ ಮೊದಲ ಐದು ನಿಮಿಷದಲ್ಲಿ, ಇನ್ನೂ ಕ್ಯೂ ಬೆಳೆಯುವ ಮೊದಲು, ನಗುತ್ತಾ ಹೋಗಿ "ದಾರಿ ಬದಿ ಏನಾದರೂ ಉಳಿದಿದ್ದರೆ ನೋಡ್ತೀರಾ" ಅಂತ ಕೇಳಿ. ತಡೆದಿಟ್ಟ ಸೀಟುಗಳು ಬಿಡುಗಡೆಯಾಗುವ ಹೊತ್ತು ಅದು. ನನಗೆ ಹೀಗೆ ಕೇಳಿಯೇ ಎರಡು ಸಲ ಎಕ್ಸಿಟ್ ಸಾಲು ಸಿಕ್ಕಿದೆ, ಬಿಟ್ಟಿ.

ಬಾಗಿಲು ಹಾಕಿದ ಮೇಲೆ ಖಾಲಿ ಸೀಟಿಗೆ ಹೋಗಿ ಕೂರಬಹುದಾ?

ಗಗನಸಖಿಯನ್ನು ಕೇಳಿ ಹೋಗಿ. ಸಣ್ಣ ವಿಮಾನದಲ್ಲಿ ಯಾರು ಎಲ್ಲಿ ಕೂತಿದ್ದಾರೆ ಅನ್ನುವುದು ತೂಕದ ಲೆಕ್ಕಕ್ಕೆ ಸೇರಿರುತ್ತದೆ, ಅಲ್ಲಿ ಹಾರುವ ಮೊದಲು ಬಿಡಲಿಕ್ಕಿಲ್ಲ. ಹೆಚ್ಚು ಬೆಲೆಯ ಸಾಲುಗಳಿಗೂ ಬಿಡುವುದಿಲ್ಲ. ಮಾಮೂಲಿ ಸಾಲಾದರೆ ಸಾಮಾನ್ಯವಾಗಿ "ಆಗಲಿ" ಅನ್ನುತ್ತಾರೆ. ಎಲ್ಲರೂ ಹತ್ತಿಯಾಯಿತು ಅಂತ ಖಾತ್ರಿಯಾಗುವವರೆಗೆ ಮಾತ್ರ ಕಾಯಿರಿ. ಇಲ್ಲದಿದ್ದರೆ ಮೂರು ಸೀಟು ಸಿಕ್ಕಿತು ಅಂತ ಕಾಲು ಚಾಚಿದ ಹೊತ್ತಿಗೆ ಸರಿಯಾಗಿ ಏದುಸಿರು ಬಿಡುತ್ತಾ ಒಬ್ಬರು ಬಂದು ತಮ್ಮ ಬೋರ್ಡಿಂಗ್ ಪಾಸನ್ನೂ ನಿಮ್ಮ ಮುಖವನ್ನೂ ನೋಡುತ್ತಾ ನಿಲ್ಲುತ್ತಾರೆ.